ಸಜ್ಜನರ ಕಾಳಗ

ಕಳೆದ ವರ್ಷ ಒಂದು ರಾತ್ರಿ ನಮ್ಮ ವಿದ್ಯಾರ್ಥಿ ನಿಲಯದಲ್ಲಿ ಭಾರಿ ವಾಗ್ಯುದ್ಧವೊಂದು ನಡೆಯಿತು. ಕಾರಣವನ್ನು ಹೇಳಿದರೆ ಅಧ್ಯಾಪಕ ವೃಂದದವರು ನಕ್ಕಾರು. ಅಮೆರಿಕದ ಚಿತ್ರಕಥೆಗಳ ವೀರರಾದ ಕ್ಯಾಪ್ಟನ್ ಅಮೆರಿಕನಿಗೂ ಐರನ್ ಮ್ಯಾನನಿಗೂ ಕಾಳಗವಾದರೆ ಗೆಲ್ಲುವವರಾರು ಎಂಬುದೇ ವಾದದ ವಿಷಯ. ಇವರಿಬ್ಬರ ಹೋರಾಟವನ್ನು ತೋರಿಸುವ 2016ರ ಚಲನಚಿತ್ರವನ್ನು ಮೊಬೈಲಿನಲ್ಲಿ ನೋಡಿದ್ದ ಮಿತ್ರರು ಎರಡು ಪಕ್ಷವಾಗಿ ನಿಂತುಬಿಟ್ಟರು. ಊಟದ ಗಂಟೆ ಹೊಡೆದರೂ ತೀರ್ಪಾಗಲಿಲ್ಲ.

ನಾನು ಯಾವ ಪಕ್ಷಕ್ಕೂ ಸೇರಲಿಲ್ಲ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಳ್ಳೆಯವನಿಗೂ ಕೆಟ್ಟವನಿಗೂ ಯುದ್ಧವಾದರೆ ಯಾರು ಗೆಲ್ಲಬೇಕೆಂಬುದು ಮಗುವಿಗೂ ಗೊತ್ತು. ಇಬ್ಬರೂ ಒಳ್ಳೆಯವರಾಗಿ, ಮೇಲಾಗಿ ಒಂದೇ ಪಂಕ್ತಿಯಲ್ಲಿ ಉಂಡ ಸ್ನೇಹಿತರಾಗಿದ್ದರೆ ನಾವು ಯಾರಿಗೆ ಚಪ್ಪಾಳೆ ತಟ್ಟಬೇಕು?

ಈ ಬಗೆಯ ಕಥೆಗಳು ಇಂದು ನಿನ್ನೆಯವಲ್ಲ. 1940ರಲ್ಲಿಯೇ ಒಂದೇ ಪತ್ರಿಕೆಯ ಎರಡು ಕಥೆಗಳ ನಾಯಕರಾದ ಹ್ಯೂಮನ್ ಟಾರ್ಚ್ ಮತ್ತು ಸಬ್ ಮ್ಯಾರಿನರ್, ಒಬ್ಬನು ಬೆಂಕಿಯವನು, ಇನ್ನೊಬ್ಬನು ನೀರಿನವನು, ಪರಸ್ಪರ ಹೋರಾಡಿದರು. 1976ರಲ್ಲಿ ಡಿ.ಸಿ. ಮತ್ತು ಮಾರ್ವೆಲ್ ಎಂಬ ಪ್ರತಿಸ್ಪರ್ಧಿ ಪ್ರಕಾಶಕರು ಕೂಡಿಕೊಂಡು ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್ ಎದುರೆದುರು ನಿಲ್ಲುವ ಪುಸ್ತಕವನ್ನು ಹೊರತಂದರು. ಸೂಪರ್‌ಮ್ಯಾನನ ಒಂದೇ ಏಟಿಗೆ ಇನ್ನೊಬ್ಬನು ಉಳಿಯುವಂತಿಲ್ಲ. ಆದುದರಿಂದ ಖಳನಾದ ಲೂಥರನು ಗುಟ್ಟಾಗಿ ಒಂದು ಕಿರಣವನ್ನು ಬಿಟ್ಟು ಸ್ಪೈಡರ್‌ಮ್ಯಾನನ ಬಲವನ್ನು ಹೆಚ್ಚಿಸುತ್ತಾನೆ. ಕೆಲವು ಪುಟ ಹೊಡೆದಾಟ. ಆಮೇಲೆ ತಪ್ಪು ತಿಳಿವಳಿಕೆ ಕಳೆದು ಇಬ್ಬರೂ ಸ್ನೇಹಿತರಾಗಿ ಖಳರ ಬೆನ್ನು ಹತ್ತುತ್ತಾರೆ. 1996ರಲ್ಲಿ ಅದೇ ಇಬ್ಬರು ಪ್ರಕಾಶಕರು ಹನ್ನೊಂದು ಕಾಳಗಗಳನ್ನು ಏರ್ಪಡಿಸಿ, ಅವುಗಳಲ್ಲಿ ಐದರ ಫಲಿತಾಂಶವನ್ನು ಓದುಗರ ಮತಕ್ಕೇ ಬಿಟ್ಟರು. ಬ್ಯಾಟ್‌ಮ್ಯಾನನು ಕ್ಯಾಪ್ಟನ್ ಅಮೆರಿಕನನ್ನು ಗೆದ್ದದ್ದು ಹಾಗೆ, ಓದುಗರ ಮತಗಳಿಂದ!

ಇಂಥವುಗಳನ್ನು ನಾನು ಕಾಳಗವೆನ್ನಲಾರೆ, ಪ್ರದರ್ಶನವೆನ್ನುತ್ತೇನೆ. ಇಬ್ಬರ ನಡುವೆ ನಿಜವಾದ ಭಿನ್ನಾಭಿಪ್ರಾಯವಿಲ್ಲ. ಯಾರಿಗೂ ನಷ್ಟವಿಲ್ಲ. ಕೊನೆಯ ಪುಟಕ್ಕೆ ಬಂದರೆ ಎಲ್ಲವೂ ಮೊದಲಿನಂತೆಯೇ ಇರುತ್ತದೆ. ಪುಸ್ತಕ ಮಾರಾಟವಾಗಿರುತ್ತದೆ, ಅಷ್ಟೆ.

ಇದಕ್ಕೆ ಬೇರೆಯಾಗಿ ನಿಲ್ಲುವ ಕೃತಿಯೊಂದುಂಟು. 2006-07ರಲ್ಲಿ ಮಾರ್ವೆಲ್‌ನವರು ಏಳು ಸಂಚಿಕೆಗಳಲ್ಲಿ ಪ್ರಕಟಿಸಿದ ‘ಸಿವಿಲ್ ವಾರ್’ ಅದು. ಬರೆದವರು ಮಾರ್ಕ್ ಮಿಲ್ಲರ್, ಚಿತ್ರಿಸಿದವರು ಸ್ಟೀವ್ ಮ್ಯಾಕ್‌ನಿವನ್. ಟೆಲಿವಿಷನ್ ಕಾರ್ಯಕ್ರಮಕ್ಕಾಗಿ ಕೆಲವು ಎಳೆಯ ವೀರರು ದುಷ್ಟರ ಮೇಲೆ ಬೀಳುತ್ತಾರೆ. ಸ್ಫೋಟವಾಗಿ ಸ್ಟ್ಯಾಮ್‌ಫರ್ಡ್ ಊರಿನಲ್ಲಿ ಶಾಲಾಮಕ್ಕಳೂ ಸೇರಿ ನೂರಾರು ಜನ ಸಾಯುತ್ತಾರೆ. ಮುಖವಾಡದ ವೀರರೆಲ್ಲರೂ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೆಂದು ಕಾನೂನು ಬರುತ್ತದೆ. ಶಕ್ತಿಯುಳ್ಳವನು ಲೆಕ್ಕ ಒಪ್ಪಿಸಬೇಕೆಂಬುದು ಐರನ್ ಮ್ಯಾನನ ಮಾತು. ಯಾರು ಶತ್ರು ಎಂಬುದನ್ನು ಅಧಿಕಾರಿಗಳು ನಿರ್ಧರಿಸುವಂತಾಗಬಾರದೆಂಬುದು ಕ್ಯಾಪ್ಟನ್ನನ ಮಾತು. ಎರಡೂ ಸರಿಯಾದ ಮಾತುಗಳೇ ಅಲ್ಲವೇ? ಹೋರಾಟದಲ್ಲಿ ಗೋಲಿಯತ್ ಎಂಬ ಗೆಳೆಯನು ಸಾಯುತ್ತಾನೆ.

ಕೃತಿಯಲ್ಲಿ ದೋಷವಿಲ್ಲದಿಲ್ಲ. ಕಾನೂನಿನ ಪಕ್ಷದವರಿಂದ ಹಳೆಯ ಸ್ನೇಹಿತರನ್ನೇ ಸೆರೆಗೆ ತಳ್ಳಿಸಿ ಲೇಖಕರು ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿದ್ದಾರೆ. ಆದರೆ ಮುಕ್ತಾಯ ಮಾತ್ರ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಕ್ಯಾಪ್ಟನ್ನನು ಗೆಲ್ಲುವ ಹಂತದಲ್ಲಿದ್ದಾನೆ. ಆಗ ಯಾವ ಶಕ್ತಿಯೂ ಇಲ್ಲದ ಸಾಮಾನ್ಯ ಜನರು, ಬೆಂಕಿ ಆರಿಸುವವರು, ಗಾಯಾಳುಗಳನ್ನು ಹೊರುವವರು, ಓಡಿಬಂದು ಅವನನ್ನು ತಬ್ಬಿ ಹಿಡಿಯುತ್ತಾರೆ. ಅವನು ಸುತ್ತಲಿನ ಹಾಳುಬಿದ್ದ ಪಟ್ಟಣವನ್ನು ನೋಡಿ ತಾನಾಗಿಯೇ ಶರಣಾಗುತ್ತಾನೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮೂರಿನ ಗದ್ದೆಬಯಲಿನ ಯಕ್ಷಗಾನ. ಚಿಕ್ಕಂದಿನಲ್ಲಿ ಚಿಕ್ಕಪ್ಪನ ಹೆಗಲೇರಿ ಹೋಗಿ ‘ಕೃಷ್ಣಾರ್ಜುನ ಕಾಳಗ’ವನ್ನು ನೋಡಿದ್ದೆ. ಅರಿಯದೆ ಅಪಚಾರ ಮಾಡಿದ ಗಯನೆಂಬ ಗಂಧರ್ವನನ್ನು ಕೊಲ್ಲುವೆನೆಂದು ಕೃಷ್ಣನ ಶಪಥ. ಯಾರಿಂದ ಭಯವೆಂದು ತಿಳಿಯುವ ಮೊದಲೇ ಕಾಯುವೆನೆಂದು ಅರ್ಜುನನ ಅಭಯ. ಕೊಟ್ಟ ಮಾತಿಗಾಗಿ ಭಾವಮೈದುನರಿಬ್ಬರು ಬಿಲ್ಲು ಹಿಡಿಯುತ್ತಾರೆ. ಕೊನೆಗೆ ಶಿವನು ಬಂದು ಬಿಡಿಸಬೇಕಾಗುತ್ತದೆ. ಯಾರು ಗೆದ್ದರೆಂದು ನಮ್ಮೂರಿನವರು ಯಾರೂ ಕೇಳಿದ್ದನ್ನು ನಾನು ಕಾಣೆ. ಕಾಳಗ ನಿಂತಿತಲ್ಲಾ ಎಂದು ಸಮಾಧಾನದಿಂದ ಬೆಳಗಿನ ಜಾವ ಮನೆಗೆ ನಡೆಯುತ್ತಿದ್ದರು.

ಆ ಕಥೆಯಲ್ಲಿ ಗಯನ ಗತಿ ಏನು? ತನಗಾಗಿ ಇಬ್ಬರು ಒಳ್ಳೆಯವರು ಹೊಡೆದಾಡುವುದನ್ನು ಅವನು ಹೇಗೆ ನೋಡಿದನು? ಈ ಪ್ರಶ್ನೆಯನ್ನು ಕೇಳಲು ನನಗೆ ಸ್ವಂತ ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮೂರು ವರ್ಷಗಳ ಹಿಂದೆ ಅಡಿಕೆ ಮಾರಿದ ಹಣ ಕೈಗೆ ಬಂದಾಗ ಚಿಕ್ಕಪ್ಪ, “ಮೊದಲು ಸಾಲ ತೀರಿಸುವ, ಹುಡುಗ ಒಂದು ವರ್ಷ ತಡೆಯಲಿ” ಎಂದರು. ಅಪ್ಪ, “ಒಂದು ವರ್ಷ ತಡೆದರೆ ಅವನು ಮತ್ತೆ ಪುಸ್ತಕ ಹಿಡಿಯುವುದುಂಟೆ?” ಎಂದರು. ಇಬ್ಬರೂ ಹೇಳಿದ್ದು ಮನೆಯ ಒಳಿತಿಗಾಗಿಯೇ. ಮಾತಿಗೆ ಮಾತು ಬೆಳೆದು ಒಂದು ಮನೆಯಲ್ಲಿ ಎರಡು ಒಲೆಗಳಾದವು. ನನ್ನ ಪಕ್ಷ ಗೆದ್ದಿತೆಂಬ ಸಂತೋಷದಲ್ಲಿ ನಾನು ಬಸ್ಸು ಹತ್ತಿ ಇಲ್ಲಿಗೆ ಬಂದೆ. ಆ ದಿನ ಚಿಕ್ಕಪ್ಪ ಹಟ್ಟಿಯ ಬಳಿ ನಿಂತಿದ್ದರು. ನಾನು ಅವರಿಗೆ ಹೋಗಿಬರುತ್ತೇನೆಂದೂ ಹೇಳಲಿಲ್ಲ.

ಆದುದರಿಂದ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಚಿತ್ರಕಥೆಗಳನ್ನು ಓದಬೇಡಿರೆಂದು ನಾನು ಹೇಳುವುದಿಲ್ಲ, ನಾನೂ ಓದುತ್ತೇನೆ. ಆದರೆ ಒಳ್ಳೆಯವರಿಬ್ಬರು ಕಾದಾಡುವಾಗ ಗೆದ್ದವರಾರು ಎಂದು ಕೇಳುವುದರ ಜೊತೆಗೆ, ಏನು ಹಾಳಾಯಿತು, ಮೊದಲು ಕೈ ಇಳಿಸಿದವರಾರು, ಅವರ ಕೈ ಹಿಡಿದವರಾರು ಎಂದೂ ಕೇಳೋಣ. ಈ ಪ್ರಶ್ನೆಗಳಿಗೆ ಉತ್ತರವಿರುವ ಕಥೆ ಅಮೆರಿಕದ್ದಾದರೇನು, ನಮ್ಮ ಬಯಲಾಟದ್ದಾದರೇನು, ಒಳ್ಳೆಯ ಕಥೆಯೇ.

ಪರೀಕ್ಷೆ ಮುಗಿದ ಮೇಲೆ ನಾನು ಊರಿಗೆ ಹೋಗುವವನಿದ್ದೇನೆ. ನಮ್ಮ ಮನೆಯ ಜಗಳ ಬಿಡಿಸಲು ಶಿವನು ಬರುವನೆಂದು ಕಾದದ್ದು ಸಾಕು. ಮೊದಲು ಚಿಕ್ಕಪ್ಪನ ಬಾಗಿಲಿಗೆ ಹೋಗಿ, ಮೂರು ವರ್ಷದ ಹಿಂದೆ ಹೇಳದೆ ಬಂದ ಮಾತನ್ನು ಹೇಳಬೇಕೆಂದಿದ್ದೇನೆ.