‘ಸೈನಸ್’ ಅನ್ನೋ ಒಂದೇ ಪದ ಹೊತ್ಕೊಂಡು ಡಾಕ್ಟರ್ ಹತ್ತಿರ ಹೋಗ್ಬೇಡಿ

ನಮ್ಮ ಗಡಿ ತಾಲೂಕುಗಳಲ್ಲಿ ಯಾವ ಮನೆಗೆ ಹೋದರೂ ಒಬ್ಬರಿಗಾದರೂ ‘ಸೈನಸ್’ ಇದ್ದೇ ಇರುತ್ತೆ. ಬೆಳಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸಲ ಸೀನೋ ಅಕ್ಕನಿಗೂ ಸೈನಸ್. ತಿಂಗಳಿಗೆ ನಾಲ್ಕು ಸಲ ತಲೆ ಹಿಡಿದುಕೊಂಡು ಕತ್ತಲ ಕೋಣೆಯಲ್ಲಿ ಮಲಗೋ ಅಮ್ಮನಿಗೂ ಸೈನಸ್. ರಾತ್ರಿಯಿಡೀ ಗೊರಕೆ ಹೊಡೆದು ಹಗಲು ಕೂತಲ್ಲೇ ತೂಕಡಿಸೋ ಅಪ್ಪನಿಗೂ ಸೈನಸ್. ಮೂಗು ಕಟ್ಟಿ ಯಾವಾಗಲೂ ಬಾಯಲ್ಲೇ ಉಸಿರಾಡೋ ಪುಟ್ಟ ತಮ್ಮನಿಗೂ ಸೈನಸ್. ಹೆಸರು ಒಂದೇ. ಆದರೆ ಈ ನಾಲ್ವರ ತೊಂದರೆ ಬೇರೆ ಬೇರೆ, ಅದಕ್ಕೆ ಬೇಕಾದ ಚಿಕಿತ್ಸೆಯೂ ಬೇರೆ ಬೇರೆ.

ನಿಜ ಹೇಳ್ಬೇಕಂದ್ರೆ ಸೈನಸ್ ಅನ್ನೋದು ಕಾಯಿಲೆಯ ಹೆಸರೇ ಅಲ್ಲ. ಮುಖದ ಮೂಳೆಗಳ ಒಳಗೆ ಗಾಳಿ ತುಂಬಿದ ಪೊಳ್ಳು ಜಾಗಗಳಿವೆ. ಹಣೆಯಲ್ಲಿ, ಕೆನ್ನೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ಹಿಂದೆ ಆಳದಲ್ಲಿ, ಹೀಗೆ 4 ಜೋಡಿ. ಅವೇ ಸೈನಸ್‌ಗಳು. ‘ನನಗೆ ಸೈನಸ್ ಇದೆ’ ಅನ್ನೋದು ‘ನನಗೆ ಮೊಣಕಾಲಿದೆ’ ಅಂದ ಹಾಗೆ. ಇದ್ರೆ ಇರಲಿ, ಅದಕ್ಕೆ ಏನಾಗಿದೆ ಅನ್ನೋದು ಪ್ರಶ್ನೆ.

ಈ ತಪ್ಪು ಹೆಸರು ಎಲ್ಲ ಕಡೆಯೂ ಇದೆ. ಆದರೆ ನಮಗೆ ಅದರಿಂದ ಆಗೋ ನಷ್ಟ ಸ್ವಲ್ಪ ಹೆಚ್ಚು. ಕಾರಣ ಭಾಷೆ.

ಅಕ್ಕಲಕೋಟೆಯ ಅವ್ವನಿಗೆ ಸಂತೆಗೆ, ಬಸ್ಸಿಗೆ ಬೇಕಾಗುವಷ್ಟು ಮರಾಠಿ ಬರುತ್ತೆ. ತಾಳವಾಡಿಯ ಅಜ್ಜನಿಗೆ ಪಡಿತರ ಅಂಗಡಿಗೆ ಬೇಕಾಗುವಷ್ಟು ತಮಿಳು ಬರುತ್ತೆ. ಆದರೆ ‘ಕಣ್ಣಿನ ಹಿಂದೆ ಜಗ್ಗಿದ ಹಾಗೆ ಆಗುತ್ತೆ’, ‘ಗಂಟಲ ಹಿಂದೆ ಏನೋ ಇಳಿದ ಹಾಗೆ’, ‘ಒಂದು ಹೊಳ್ಳೆ ಬಿಟ್ರೆ ಇನ್ನೊಂದು ಕಟ್ಟುತ್ತೆ’ ಅನ್ನೋದನ್ನ ಹೇಳೋಕೆ ಆ ಸಂತೆಯ ಭಾಷೆ ಸಾಲಲ್ಲ. ಮೈಯೊಳಗಿನ ನೋವಿಗೆ ತಾಯ್ನುಡಿಯೇ ಬೇಕು. ಆಗ ಇಬ್ಬರಿಗೂ ಗೊತ್ತಿರೋ ಒಂದು ಇಂಗ್ಲಿಷ್ ಪದ ಕೈಗೆ ಸಿಗುತ್ತೆ. ಜೊತೆಗೆ ಹೋದ ಮಗನೋ ಮೊಮ್ಮಗಳೋ ‘ಸೈನಸ್ ಆಹೆ’, ‘ಸೈನಸ್ ಇರುಕ್ಕು’ ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಹೊರಗೆ ಇನ್ನೂ 50 ಜನ ಕಾಯ್ತಿದ್ದಾರೆ, ಡಾಕ್ಟರೂ ಬರೆದುಕೊಡ್ತಾರೆ. ಅವ್ವ ಹೇಳಬೇಕಾಗಿದ್ದ ಮಾತು ಅವ್ವನ ಹತ್ತಿರವೇ ಉಳೀತು.

ಹಾಗೆ ಜೊತೆಗೆ ಹೋಗೋರು ನಾವೇ. ಎರಡು ಭಾಷೆ ಓದಿದವರು, ಬರೆಯಬಲ್ಲವರು ನಾವು. ಅದಕ್ಕೇ ಈ ಮಾತು ನಿಮಗೆ ಹೇಳ್ತಿರೋದು: ರೋಗದ ಹೆಸರು ನಾವು ಹೇಳೋದು ಬೇಡ, ಏನೇನು ಆಗ್ತಿದೆ ಅನ್ನೋದನ್ನ ದಾಟಿಸೋಣ. ಹೆಸರಿಡೋದು ಡಾಕ್ಟರ್ ಕೆಲಸ.

ಆ ನಾಲ್ವರನ್ನೇ ತಗೊಳ್ಳಿ.

ಅಕ್ಕನದು ಬಹುಶಃ ಮೂಗಿನ ಅಲರ್ಜಿ. ಸಾಲು ಸಾಲು ಸೀನು, ನೀರಿನಂಥ ಸಿಂಬಳ, ಮೂಗು ಕಣ್ಣು ತುರಿಕೆ, ಜ್ವರ ಇಲ್ಲ. ಕಾಸರಗೋಡು, ವಯನಾಡಿನ ಮಳೆಗಾಲದ ತೇವಕ್ಕೆ ಹಾಸಿಗೆ ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿ ಬೆಳೆಯುತ್ತೆ, ಗೋಡೆಗೆ ಬೂಷ್ಟು ಹಿಡಿಯುತ್ತೆ. ಸೊಲ್ಲಾಪುರ, ಜತ್ತ, ರಾಯದುರ್ಗದ ಒಣ ನೆಲದಲ್ಲಿ ರಸ್ತೆ ಧೂಳು, ಜೊತೆಗೆ ಹೊಲದ ಬದುವಿನ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಿದ ಆ ಕಳೆ ಇಡೀ ದೇಶಕ್ಕೆ ಹಬ್ಬಿತು. ಅದರ ಪರಾಗದಿಂದ ಮೂಗಿಗೂ ಚರ್ಮಕ್ಕೂ ಅಲರ್ಜಿ ಬರುತ್ತೆ. ಇದು ಸೋಂಕಲ್ಲ, ಆಂಟಿಬಯೋಟಿಕ್‌ಗೆ ಇಲ್ಲಿ ಕೆಲಸವೇ ಇಲ್ಲ. ಅಕ್ಕನಿಗೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಅನ್ನೋ ಸದ್ದು ಇದ್ರೆ ಅದನ್ನೂ ತಪ್ಪದೆ ಹೇಳಿ. ಮೂಗಿನ ಅಲರ್ಜಿ ಇರೋ ಹಲವರಿಗೆ ದಮ್ಮೂ ಇರುತ್ತೆ.

ಅಮ್ಮನದು ಮೈಗ್ರೇನ್ ಇರಬಹುದು. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ‘ನಮ್ಮದು ಸೈನಸ್ ತಲೆನೋವು’ ಅಂದುಕೊಂಡಿದ್ದ, ಆದರೆ ಸೋಂಕಿನ ಲಕ್ಷಣ ಇಲ್ಲದ ಸುಮಾರು 3000 ಜನರನ್ನ ಪರೀಕ್ಷಿಸಿದ್ರು. ಅವರಲ್ಲಿ ಶೇ. 88 ಮಂದಿಯ ನೋವು ಮೈಗ್ರೇನ್ ಬಗೆಯದ್ದಾಗಿತ್ತು. ಬೆಳಕು ಕಂಡ್ರೆ ಆಗಲ್ಲ, ಸದ್ದು ಆಗಲ್ಲ, ವಾಕರಿಕೆ ಬರುತ್ತೆ ಅನ್ನೋ ಮೂರು ಮಾತು ಡಾಕ್ಟರಿಗೆ ತಲುಪಿದ್ರೆ ಅಮ್ಮನ ಚಿಕಿತ್ಸೆಯ ದಾರಿಯೇ ಬದಲಾಗುತ್ತೆ. ತಲುಪದಿದ್ರೆ ವರ್ಷಗಟ್ಟಲೆ ಹಬೆ, ಮಾತ್ರೆ, ಮುಲಾಮು.

ಅಪ್ಪನದು ಎಲ್ಲಕ್ಕಿಂತ ಗಂಭೀರ ಆಗಿರಬಹುದು. ನಮ್ಮಲ್ಲಿ ಗೊರಕೆ ಅಂದ್ರೆ ನಗು, ಇಲ್ಲಾಂದ್ರೆ ‘ಎಷ್ಟು ಗಾಢ ನಿದ್ದೆ ನೋಡು’ ಅನ್ನೋ ಮೆಚ್ಚುಗೆ. ಜೋರು ಗೊರಕೆ, ನಡುವೆ ಇದ್ದಕ್ಕಿದ್ದಂತೆ ಮೌನ, ಆಮೇಲೆ ಉಸಿರು ಕಟ್ಟಿದವರ ಹಾಗೆ ಗಬಕ್ಕನೆ ಎಳ್ಕೊಳ್ಳೋದು. ಆ ಮೌನದಲ್ಲಿ ಉಸಿರಾಟ ನಿಂತಿರುತ್ತೆ. ಕನಿಷ್ಠ 10 ಸೆಕೆಂಡ್ ಹಾಗೆ ನಿಲ್ಲೋದನ್ನ ಸ್ಲೀಪ್ ಆಪ್ನಿಯಾದ ಲೆಕ್ಕಕ್ಕೆ ಹಿಡೀತಾರೆ. ಗಂಟೆಗೆ 30 ಸಲ ದಾಟಿದ್ರೆ ತೀವ್ರ ಅಂತ ಅರ್ಥ. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ, ಮೆದುಳು ಎಚ್ಚರಗೊಳ್ಳುತ್ತೆ. ಎಂಟು ಗಂಟೆ ಮಲಗಿದ್ರೂ ನಿದ್ದೆ ಆಗಿರಲ್ಲ. ಬಿಪಿ ಮಾತ್ರೆ ಎಷ್ಟು ಹೆಚ್ಚಿಸಿದ್ರೂ ಹತೋಟಿಗೆ ಬರದಿರೋದಕ್ಕೆ ಇದೂ ಒಂದು ಕಾರಣ. ಹೃದಯಕ್ಕೂ ಪೆಟ್ಟು. ಲಾರಿ ಓಡಿಸೋರು, ಹೊಸೂರಿನ ಕಾರ್ಖಾನೆಗಳಿಗೆ ರಾತ್ರಿ ಪಾಳಿಗೆ ಬೈಕಲ್ಲಿ ಹೋಗೋರು ಹೀಗೆ ತೂಕಡಿಸಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ನಿದ್ದೆಯ ಪರೀಕ್ಷೆ ಇದೆ. ತೂಕ ಇಳಿಸೋದು, ಮಲಗೋ ಮುಂಚೆ ಕುಡಿತ ಬಿಡೋದು, ಮಗ್ಗುಲಾಗಿ ಮಲಗೋದು ನೆರವಾಗುತ್ತೆ. ತೀವ್ರ ಇದ್ರೆ ಗಾಳಿಯ ಒತ್ತಡದಿಂದ ಗಂಟಲ ದಾರಿಯನ್ನ ತೆರೆದಿಡೋ ಸಿಪ್ಯಾಪ್ ಯಂತ್ರ ಬೇಕಾಗುತ್ತೆ. ಅಪ್ಪನಿಗೆ ತನ್ನ ಗೊರಕೆ ತನಗೆ ಕೇಳಿಸಲ್ಲ. ಅದನ್ನ ನೋಡಿರೋದು ಅಮ್ಮ. ಆದ್ದರಿಂದ ಆಸ್ಪತ್ರೆಗೆ ಅಮ್ಮನನ್ನೂ ಕರ್ಕೊಂಡು ಹೋಗಿ, ಇಲ್ಲಾಂದ್ರೆ ಮೊಬೈಲಲ್ಲಿ ಐದು ನಿಮಿಷ ವಿಡಿಯೋ ಮಾಡಿ. ವಿಡಿಯೋಗೆ ಅನುವಾದ ಬೇಕಿಲ್ಲ.

ತಮ್ಮನದು ಮೂಗಿನ ಹಿಂದಿನ ಅಡಿನಾಯ್ಡ್ ಊತ ಇರಬಹುದು. ಮಗು ಬಾಯಿ ತೆರೆದು ಮಲಗುತ್ತೆ, ಗೊರಕೆ ಹೊಡೆಯುತ್ತೆ, ನಿದ್ದೆಯಲ್ಲಿ ಹೊರಳಾಡುತ್ತೆ. ಅಡಿನಾಯ್ಡ್ ದೊಡ್ಡದಾದ್ರೆ ಕಿವಿಯೊಳಗೆ ನೀರು ನಿಂತು ಕೇಳಿಸೋದೂ ಕಮ್ಮಿಯಾಗಬಹುದು. ಶಾಲೆಯಲ್ಲಿ ‘ಹುಡುಗ ಗಮನ ಕೊಡಲ್ಲ’ ಅಂತಾರೆ. ಹೊಸ ಭಾಷೆಯ ಮಾಧ್ಯಮದಲ್ಲಿ ಓದೋ ನಮ್ಮ ಮಕ್ಕಳಾದ್ರೆ ‘ಭಾಷೆ ಅರ್ಥ ಆಗಲ್ಲ ಪಾಪ’ ಅಂತ ಅಲ್ಲಿಗೇ ಬಿಡ್ತಾರೆ. ಮೊದಲು ಕಿವಿ ತೋರಿಸಿ. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರ್ತಿದ್ರೆ ಒಳಗೆ ಮಣಿಯೋ ಬೀಜವೋ ಸಿಕ್ಕಿಕೊಂಡಿರಬಹುದು, ಅದನ್ನೂ ಕೂಡಲೇ ತೋರಿಸಿ.

ಹಾಗಾದ್ರೆ ಸೈನಸ್‌ಗೆ ನಿಜವಾಗಿ ಸೋಂಕಾಗೋದೇ ಇಲ್ವಾ? ಆಗುತ್ತೆ. ಹೆಚ್ಚಿನದು ನೆಗಡಿಯ ಜೊತೆ ಬರೋ ವೈರಸ್‌ನದು, 7ರಿಂದ 10 ದಿನದಲ್ಲಿ ತಾನೇ ಇಳಿಯುತ್ತೆ. ಸಿಂಬಳ ಹಳದಿಯೋ ಹಸಿರೋ ಆದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕು ಅಂತಿಲ್ಲ. 10 ದಿನ ಕಳೆದ್ರೂ ಒಂಚೂರೂ ಕಮ್ಮಿ ಆಗದಿದ್ರೆ, ಕಮ್ಮಿಯಾಗಿ ಮತ್ತೆ ಜೋರಾದ್ರೆ, ಶುರುವಿನಿಂದಲೇ ಹೆಚ್ಚು ಜ್ವರದ ಜೊತೆ ಮುಖದ ನೋವು ಮೂರು ನಾಲ್ಕು ದಿನ ಇದ್ರೆ ಆಗ ಬ್ಯಾಕ್ಟೀರಿಯಾ ಅಂತ ಯೋಚಿಸ್ತಾರೆ. 12 ವಾರ ದಾಟಿದ್ರೆ ದೀರ್ಘಕಾಲದ್ದು, ಅದನ್ನ ಎಂಡೋಸ್ಕೋಪಿ ಅಥವಾ ಸಿಟಿ ಸ್ಕ್ಯಾನ್ ಮಾಡಿ ಖಚಿತ ಮಾಡ್ಕೋಬೇಕು. ನೋಡಿದ್ರಾ, ಇಲ್ಲಿ ಎಲ್ಲ ನಿರ್ಧಾರವೂ ‘ಎಷ್ಟು ದಿನದಿಂದ’ ಅನ್ನೋ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಅದಕ್ಕೆ ಉತ್ತರ ಕೊಡಬೇಕಾದವರು ನಾವು.

‘ಡಾಕ್ಟರ್ ಹತ್ತಿರ ಯಾಕೆ, ಮೆಡಿಕಲ್‌ನಲ್ಲೇ ಸಿಗುತ್ತಲ್ಲ’ ಅನ್ನೋರಿಗೆ ಒಂದು ಎಚ್ಚರಿಕೆ. ಮೂಗಿಗೆ ಹಾಕಿದ ಎರಡೇ ನಿಮಿಷಕ್ಕೆ ಬಿಡಿಸೋ ಡ್ರಾಪ್ಸ್ ಇದೆಯಲ್ಲ, ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಅಂತ ಬಾಟಲಿ ಮೇಲೆ ಬರೆದಿರುತ್ತೆ. ಅದು 3ರಿಂದ 5 ದಿನಕ್ಕೆ ಮಾತ್ರ. ಆಮೇಲೂ ಹಾಕ್ತಾ ಹೋದ್ರೆ ಔಷಧದಿಂದಲೇ ಮೂಗು ಕಟ್ಟೋಕೆ ಶುರುವಾಗುತ್ತೆ. ಕಟ್ಟಿತು ಅಂತ ಮತ್ತೆ ಹಾಕ್ತೀರಿ. ಜೇಬಲ್ಲಿ ಬಾಟಲಿ ಇಲ್ಲದೆ ಮಲಗೋಕಾಗದ ಹುಡುಗರು ನಿಮ್ಮ ಗೆಳೆಯರಲ್ಲೇ ಇರಬಹುದು, ಕೇಳಿ ನೋಡಿ.

ಇನ್ನೊಂದು ಕಡೆ, ಡಾಕ್ಟರ್ ಬರೆದುಕೊಟ್ಟ ಫ್ಲೂಟಿಕಾಸೋನ್, ಮೊಮೆಟಾಸೋನ್ ಸ್ಪ್ರೇಯನ್ನ ‘ಅಯ್ಯೋ ಸ್ಟೀರಾಯ್ಡ್’ ಅಂತ ಹೆದರಿ ಮೂರೇ ದಿನಕ್ಕೆ ಬಿಡ್ತಾರೆ. ಅದು ಮೂಗಿನೊಳಗೇ ಕೆಲಸ ಮಾಡೋದು, ರಕ್ತಕ್ಕೆ ಸೇರೋದು ತೀರಾ ಕಮ್ಮಿ. ಪೂರ್ತಿ ಪರಿಣಾಮ ಕಾಣೋಕೆ ಒಂದೆರಡು ವಾರ ಬೇಕು. ಸ್ಪ್ರೇ ತುದಿಯನ್ನ ಮೂಗಿನ ನಡುಗೋಡೆ ಕಡೆಗಲ್ಲ, ಕಿವಿಯ ಕಡೆಗೆ ತಿರುಗಿಸಿ ಹೊಡೀಬೇಕು. ಹೆದರಬೇಕಾದ್ದನ್ನ ಬಿಂದಾಸ್ ಹಾಕ್ತೀವಿ, ಹಾಕಬೇಕಾದ್ದಕ್ಕೆ ಹೆದರ್ತೀವಿ!

ಉಪ್ಪುನೀರಲ್ಲಿ ಮೂಗು ತೊಳೆಯೋ ಜಲನೇತಿ ಒಳ್ಳೇದೇ. ಆದರೆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ಬಾವಿ, ಕೆರೆ, ನಲ್ಲಿಯ ನೀರನ್ನ ನೇರವಾಗಿ ಬಳಸಬೇಡಿ. ಕೇರಳದಲ್ಲಿ 2024 ಮತ್ತು 2025ರಲ್ಲಿ ಸುದ್ದಿಯಾದ ಅಮೀಬಾ ಮೆದುಳು ಜ್ವರದ ರೋಗಾಣು ಮೂಗಿನ ಮೂಲಕವೇ ಒಳಗೆ ಹೋಗುವಂಥದ್ದು.

ಆಪರೇಷನ್ ಬಗ್ಗೆಯೂ ಒಂದು ಮಾತು. ಮೂಗಿನ ಮೂಳೆ ಸೊಟ್ಟ ಇದೆ ಅಂದ ಕೂಡಲೇ ಸಾಲ ಮಾಡೋಕೆ ಓಡಬೇಡಿ. ಎಷ್ಟೋ ಜನರ ಮೂಗಿನ ನಡುಗೋಡೆ ಸ್ವಲ್ಪ ವಾರೆಯೇ ಇರುತ್ತೆ. ಅದರಿಂದ ಉಸಿರಿಗೆ ತೊಂದರೆ ಇದ್ರೆ ಆಪರೇಷನ್ ಖಂಡಿತ ಉಪಯೋಗ. ಆದರೆ ಅದು ಅಲರ್ಜಿಯನ್ನ ಓಡಿಸಲ್ಲ, ಮೈಗ್ರೇನ್ ಬಿಡಿಸಲ್ಲ, ಆಪ್ನಿಯಾವನ್ನ ಅದೊಂದೇ ಸಾಮಾನ್ಯವಾಗಿ ಗುಣಪಡಿಸಲ್ಲ. ‘ಇದರಿಂದ ನನ್ನ ಯಾವ ತೊಂದರೆ ಹೋಗುತ್ತೆ, ಯಾವುದು ಉಳಿಯುತ್ತೆ?’ ಅಂತ ಕೇಳಿ. ಕೇಳೋದು ಅಗೌರವ ಅಲ್ಲ.

ಈಗ ಪದಗಳ ವಿಷಯಕ್ಕೆ ಬರೋಣ. ಗೊರಕೆಗೆ ತೆಲುಗಲ್ಲಿ ಗುರಕ, ತಮಿಳಲ್ಲಿ ಕುರಟ್ಟೈ, ಮಲಯಾಳದಲ್ಲಿ ಕೂರ್ಕಂ ವಲಿ, ಮರಾಠಿಯಲ್ಲಿ ಘೋರಣೆ. ಸೀನಿಗೆ ತೆಲುಗಲ್ಲಿ ತುಮ್ಮು, ತಮಿಳು ಮಲಯಾಳ ಎರಡರಲ್ಲೂ ತುಮ್ಮಲ್, ಮರಾಠಿಯಲ್ಲಿ ಶಿಂಕ. ಒಂದು ಗುಂಡಿಯೂ ಇದೆ: ನಮ್ಮ ‘ಚಳಿ’ ಅಂದ್ರೆ ಮೈ ನಡುಕ. ಅದೇ ಸದ್ದಿನ ಪದ ತಮಿಳಲ್ಲಿ ಕಫ, ನೆಗಡಿ. ಚಳಿಜ್ವರ ಬಂದ ಅಜ್ಜ ತಮಿಳು ಡಾಕ್ಟರ್ ಮುಂದೆ ‘ಚಳಿ, ಚಳಿ’ ಅಂದ್ರೆ ಕೆಮ್ಮಿನ ಸಿರಪ್ ಬರಬಹುದು!

ಹಾಗಾಗಿ ಹೋಗೋ ಮುಂಚಿನ ದಿನ ಮನೆಯಲ್ಲೇ ಕೂತು ಕನ್ನಡದಲ್ಲಿ ಕೇಳಿ, ಮೊಬೈಲಲ್ಲಿ ಬರ್ಕೊಳ್ಳಿ:

1. ಎಷ್ಟು ದಿನ, ಎಷ್ಟು ವರ್ಷದಿಂದ? ದಿನಾ ಇರುತ್ತಾ, ಬಂದು ಹೋಗುತ್ತಾ?
2. ಯಾವ ಹೊತ್ತಲ್ಲಿ, ಯಾವ ತಿಂಗಳಲ್ಲಿ, ಎಲ್ಲಿದ್ದಾಗ ಜಾಸ್ತಿ?
3. ಒಂದೇ ಹೊಳ್ಳೆಯಾ, ಎರಡೂನಾ? ಸಿಂಬಳ ನೀರಿನಂತಾ, ಗಟ್ಟಿನಾ, ರಕ್ತ ಇದೆಯಾ? ವಾಸನೆ ಗೊತ್ತಾಗುತ್ತಾ?
4. ರಾತ್ರಿ ಉಸಿರು ನಿಲ್ಲುತ್ತಾ? ಹಗಲು ನಿದ್ದೆ ಎಳೆಯುತ್ತಾ?
5. ಇಲ್ಲಿವರೆಗೆ ಯಾವ ಡ್ರಾಪ್ಸ್, ಯಾವ ಮಾತ್ರೆ? ಹಳೇ ಚೀಟಿ, ಸ್ಕ್ಯಾನ್, ಖಾಲಿ ಸ್ಟ್ರಿಪ್ ಎಲ್ಲ ಒಂದೇ ಚೀಲದಲ್ಲಿ.

ಡಾಕ್ಟರ್ ಮುಂದೆ ಕೂತಾಗ ಅವ್ವನ ಮಾತನ್ನ ಸೋಸಬೇಡಿ. ಅವರು ‘ತಲಿ ಒಳಗ ಇರಿವಿ ಹರದಂಗ ಆಗತೈತಿ’ ಅಂದ್ರೆ ಇರುವೆ ಹರಿದ ಹಾಗೆ ಅಂತಲೇ ದಾಟಿಸಿ. ‘ಹೇಳೋಕೆ ನಾಚಿಕೆ’ ಅನಿಸಿದ್ದೇ ಕೆಲವು ಸಲ ಮುಖ್ಯ ಸುಳಿವಾಗಿರುತ್ತೆ.

‘ಇದನ್ನೆಲ್ಲ ಕೇಳೋದು ಡಾಕ್ಟರ್ ಕೆಲಸ ಅಲ್ವಾ?’ ಅಂತ ನೀವು ಕೇಳಬಹುದು. ಹೌದು, ಅವರದೇ. ಗಡಿ ಊರಿನ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಒಬ್ಬ ಸಿಬ್ಬಂದಿ ಇರಬೇಕು ಅನ್ನೋ ಬೇಡಿಕೆ ನ್ಯಾಯವೇ, ಅದನ್ನ ಕೇಳ್ತಾ ಇರೋಣ. ಆದರೆ ನಾಳೆಯ ಅಪಾಯಿಂಟ್‌ಮೆಂಟ್ ಅಲ್ಲಿವರೆಗೆ ಕಾಯಲ್ಲ. ಕಾಸರಗೋಡಿಂದ ಮಂಗಳೂರಿಗೋ, ಜತ್ತದಿಂದ ವಿಜಯಪುರಕ್ಕೋ, ಹೊಸೂರಿಂದ ಬೆಂಗಳೂರಿಗೋ ಹೋಗಿ ಬರೋದಂದ್ರೆ ಇಬ್ಬರ ಬಸ್ ಚಾರ್ಜು, ಇಬ್ಬರ ಒಂದು ದಿನದ ಕೂಲಿ. ಅಷ್ಟು ಖರ್ಚು ಮಾಡಿ ಒಂದು ಪದ ಹೇಳಿ ಬರೋದು ಯಾವ ಲೆಕ್ಕ?

ಕಾಯಬಾರದ ಕೆಲವು ಇವೆ. ಕಣ್ಣಿನ ಸುತ್ತ ಊತ, ಎರಡೆರಡು ಕಾಣೋದು, ಜ್ವರದ ಜೊತೆ ಸಹಿಸಲಾಗದ ತಲೆನೋವು ಅಥವಾ ಕುತ್ತಿಗೆ ಬಿಗಿತ, ಸಕ್ಕರೆ ಕಾಯಿಲೆ ಇರೋರ ಮುಖ ಊದಿ ಮೂಗಿನೊಳಗೆ ಕಪ್ಪು ಹಕ್ಕಳೆ, ತಲೆಗೆ ಪೆಟ್ಟಾದ ಮೇಲೆ ಒಂದು ಹೊಳ್ಳೆಯಿಂದ ತಿಳಿನೀರು. ಇವುಗಳಲ್ಲಿ ಒಂದು ಕಂಡ್ರೂ ಅವತ್ತೇ ಆಸ್ಪತ್ರೆ. ದೊಡ್ಡವರಲ್ಲಿ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿ ರಕ್ತ ಬರ್ತಿದ್ರೆ ಅದನ್ನೂ ತಡ ಮಾಡದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮೊಬೈಲ್ ಬದಿಗಿಟ್ಟು ಹತ್ತು ನಿಮಿಷ ಮನೆಯವರ ಉಸಿರು ಕೇಳಿ. ಗೊರಕೆ ನಡುವೆ ಮೌನ ಬಂತಾ? ಬಂದ್ರೆ ಎಷ್ಟು ಸೆಕೆಂಡ್ ಅಂತ ಎಣಿಸಿ, ಬರೆದಿಡಿ. ಡಾಕ್ಟರಿಗೆ ಯಾವ ಭಾಷೆಯಲ್ಲಾದ್ರೂ ಹೇಳಿ, ಆ ಸಂಖ್ಯೆ ಎಲ್ಲ ಭಾಷೆಯಲ್ಲೂ ಒಂದೇ.