ಹಂಚಿದ ಸಸಿ, ಹೊರಿಸಿದ ಹೊಣೆ

ಮುಂಗಾರು ಕಾಲಿಟ್ಟೊಡನೆ ಮುಂಬಯಿ, ಠಾಣೆ, ಪುಣೆಗಳಿಂದ ಹಳ್ಳಿಗಳತ್ತ ಹೊರಡುವ ಬಸ್ಸುಗಳಲ್ಲಿ ಸಂಘಸಂಸ್ಥೆಗಳ ಬ್ಯಾನರುಗಳ ಜೊತೆಗೆ ಪ್ಲಾಸ್ಟಿಕ್ ಚೀಲದ ಸಸಿಗಳೂ ಪ್ರಯಾಣ ಮಾಡುತ್ತವೆ. ಪಾಲ್ಘರ್ ಅಥವಾ ರಾಯಗಡ ಜಿಲ್ಲೆಯ ಯಾವುದೋ ಪಾಡಾದಲ್ಲಿ ಊರವರನ್ನು ಸಾಲಾಗಿ ನಿಲ್ಲಿಸಿ, ಕೈಗೊಂದು ಸಸಿ ಕೊಟ್ಟು, ಫೋಟೋ ತೆಗೆಸಿಕೊಂಡು, ಕತ್ತಲಾಗುವ ಮುನ್ನ ಸ್ವಯಂಸೇವಕರು ಮರಳುತ್ತಾರೆ. ಮರುದಿನದ ವರದಿಯಲ್ಲಿ ಸಸಿಗಳ ಸಂಖ್ಯೆ ಇರುತ್ತದೆ, ಪಡೆದವರ ಮಾತು ಇರುವುದಿಲ್ಲ. ಭಾನುವಾರದ ಬಿಡುವನ್ನು ಬಿಟ್ಟು ಮಳೆಯಲ್ಲಿ ನೆನೆಯುವವರ ಸದ್ಭಾವವನ್ನು ನಾವು ಶಂಕಿಸುವುದಿಲ್ಲ. ನಮ್ಮ ತಕರಾರು ಲೆಕ್ಕದ ಕುರಿತಾದದ್ದು. ಹಂಚಿದ ಸಸಿಯನ್ನೆಲ್ಲ ಬೆಳೆದ ಮರವೆಂದು ಬರೆದುಕೊಳ್ಳುವ ಈ ಲೆಕ್ಕದಲ್ಲಿ ಕೀರ್ತಿ ಕೊಟ್ಟವರಿಗೆ ಸಲ್ಲುತ್ತದೆ, ಖರ್ಚು ಪಡೆದವರ ಪಾಲಿಗೆ ಬೀಳುತ್ತದೆ.

ಸಂಖ್ಯೆಯ ಮೋಹ ಹೊಸದಲ್ಲ. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಶಿಯವರು ವನಮಹೋತ್ಸವಕ್ಕೆ ಚಾಲನೆ ಕೊಟ್ಟಂದಿನಿಂದ ಪ್ರತಿ ಜುಲೈಯಲ್ಲೂ ದೇಶ ಗುಂಡಿ ತೋಡುತ್ತ ಬಂದಿದೆ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ 2 ಕೋಟಿ ಸಸಿಗಳ ಗುರಿಯಿಂದ ಆರಂಭಿಸಿ 2019ರ ಹೊತ್ತಿಗೆ 33 ಕೋಟಿಗೆ ಏರಿತು. ಸರ್ಕಾರಕ್ಕೆ ಗುರಿ ಮುಟ್ಟಿಸುವ ಅವಸರವಿರಬಹುದು. ಸ್ವಯಂಸೇವಕರಿಗೆ ಅಂಥ ಒತ್ತಡವಿಲ್ಲ. ಆದರೂ ಅವರು ಅದೇ ಅಳತೆಗೋಲನ್ನು ಎರವಲು ಪಡೆದಿರುವುದೇಕೆ?

ಸಸಿ ಪಡೆದವರ ದಿನಚರಿಯನ್ನು ನೋಡೋಣ. ಜುಲೈ ಎಂದರೆ ಕೊಂಕಣದ ಹಳ್ಳಿಗಳಲ್ಲಿ ಬತ್ತದ ನಾಟಿಯ ಕಾಲ. ಮನೆಮಂದಿಯೆಲ್ಲ ಕೆಸರುಗದ್ದೆಯಲ್ಲಿರುವ ದಿನಗಳಲ್ಲೇ ಅತಿಥಿಗಳು ಬರುತ್ತಾರೆ. ಅವಸರದಲ್ಲಿ ನೆಟ್ಟ ಸಸಿ ಮಳೆಗಾಲವನ್ನೇನೋ ದಾಟೀತು. ಕೊಯ್ಲು ಮುಗಿದ ಮೇಲೆ ದನ, ಆಡುಗಳನ್ನು ಬಯಲಿಗೆ ಬಿಡುತ್ತಾರೆ. ಬೇಲಿಯಿಲ್ಲದ ಎಳೆಗಿಡ ಅವುಗಳ ಬಾಯಿಗೆ ಬೀಳುತ್ತದೆ. ಅಲ್ಲಿಂದಲೂ ಪಾರಾದರೆ ಮುಂದಿನದು ಬೇಸಗೆ. ನಾಲ್ಕು ತಿಂಗಳು ಧಾರಾಕಾರ ಮಳೆ ಸುರಿಯುವ ಅದೇ ಗುಡ್ಡಗಳಲ್ಲಿ ಮಾರ್ಚಿನ ಹೊತ್ತಿಗೆ ಹೆಂಗಸರು ಕುಡಿಯುವ ನೀರಿಗಾಗಿ ಕೊಡ ಹೊತ್ತು ದೂರ ನಡೆಯುತ್ತಾರೆ. ಆ ಕೊಡದಲ್ಲಿ ಸಸಿಯ ಪಾಲೆಷ್ಟು? ಈ ಪ್ರಶ್ನೆಗೆ ಉತ್ತರವಿಲ್ಲದೆ ಕೊಟ್ಟ ಸಸಿಯನ್ನು ಕೊಡುಗೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ಯಾವ ಸಸಿ ಎಂಬುದು ಇನ್ನೊಂದು ಪ್ರಶ್ನೆ. ನರ್ಸರಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಗುಲ್‌ಮೊಹರ್ ಹಂಚಿದವರು, ರೈತನಿಗೆ ಬೇಕಾದದ್ದು ಕಸಿಮಾವೋ ಹಿಪ್ಪೆಯೋ ಬಿದಿರೋ ಎಂದು ಕೇಳಿರುತ್ತಾರೆಯೇ? ಈ ವಿಷಯದಲ್ಲಿ ಕನ್ನಡನಾಡು ಕಲಿಸಿದ ಪಾಠವನ್ನು ಹೊರನಾಡ ಕನ್ನಡಿಗರಾದ ನಾವು ಮರೆಯಬಾರದು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಬಿತ್ತಿದರು. ಮುಂದೆ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಕಾರ್ಖಾನೆಯ ನೀಲಗಿರಿಗೆಂದು ಒಪ್ಪಿಸಿದಾಗ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಿತು. ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದವರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ಸತ್ಯಾಗ್ರಹದ ಹೆಸರು ‘ಕಿತ್ತಿಕೋ-ಹಚ್ಚಿಕೋ’. ಬೇಡದ್ದನ್ನು ಕೀಳುವ ಹಕ್ಕು ಇದ್ದವರಿಗೇ ಬೇಕಾದದ್ದನ್ನು ಹಚ್ಚುವ ಹುರುಪು ಬರುತ್ತದೆ ಎಂಬುದನ್ನು ಆ ಎರಡು ಪದಗಳು ಹೇಳಿದಷ್ಟು ಚೆನ್ನಾಗಿ ಯಾವ ವರದಿಯೂ ಹೇಳಿಲ್ಲ.

ಎಲ್ಲಿ ನೆಡಬೇಕು ಎಂಬುದೂ ಅಷ್ಟೇ ಮುಖ್ಯ. ಮರವಿಲ್ಲದ ನೆಲವೆಲ್ಲ ಬಂಜರಲ್ಲ. ಪುಣೆ, ಸೊಲ್ಲಾಪುರದ ಹುಲ್ಲುಬಯಲುಗಳು ತೋಳ, ಚಿಂಕಾರಗಳ ಮನೆ. ಕುರಿಗಾಹಿ ಧನಗರರ ಜೀವನಾಧಾರ. ಕೃಷ್ಣಮೃಗಕ್ಕೂ ಎರೆಭೂತ ಹಕ್ಕಿಗೂ ಹೆಸರಾಗಿದ್ದ ರಾಣೆಬೆನ್ನೂರಿನ ಬಯಲನ್ನು ನೀಲಗಿರಿ ನೆಡುತೋಪು ಆವರಿಸಿದ್ದನ್ನು ಕಂಡ ಮೇಲೂ ಹುಲ್ಲುಗಾವಲಿನಲ್ಲಿ ಗುಂಡಿ ತೋಡುವುದು ಸಂರಕ್ಷಣೆಯ ಹೆಸರಿನಲ್ಲಿ ಮಾಡುವ ಒತ್ತುವರಿಯೇ ಸರಿ.

‘ನೂರರಲ್ಲಿ ಹತ್ತು ಬದುಕಿದರೂ ಲಾಭವೇ ಅಲ್ಲವೇ’ ಎನ್ನುವವರಿದ್ದಾರೆ. ಒಣಗಿದ ತೊಂಬತ್ತಕ್ಕೆ ಗುಂಡಿ ತೋಡಿದವರ ಕೂಲಿ, ಹೊತ್ತವರ ನೀರು, ‘ಕೊಟ್ಟರೂ ಉಳಿಸಿಕೊಳ್ಳಲಿಲ್ಲ’ ಎಂಬ ಪಟ್ಟಣದ ಮೂದಲಿಕೆ, ಇವು ಆ ಲಾಭದ ಲೆಕ್ಕಕ್ಕೆ ಸೇರುವುದಿಲ್ಲ. ಹಳ್ಳಿಗರಿಗೆ ಮರದ ಬೆಲೆ ಗೊತ್ತಿಲ್ಲ ಎಂಬ ಊಹೆಯಂತೂ ಶುದ್ಧ ಅಹಂಕಾರ. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಗಂಡನೊಡನೆ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಆಲದ ಸಾಲನ್ನು ಬೆಳೆಸಿದರು. ಹೊನ್ನಳ್ಳಿಯ ತುಳಸಿ ಗೌಡರು ತಾಯಿಮರವನ್ನು ಗುರುತಿಸಿ ಬೀಜ ಆಯುವುದರಲ್ಲಿ ಪಳಗಿದವರು. ಈ ಇಬ್ಬರ ಹೆಸರೂ ನಮ್ಮ ಭಾಷಣಗಳಲ್ಲಿ ಧಾರಾಳವಾಗಿ ಬರುತ್ತದೆ. ಅವರ ಕ್ರಮ ಮಾತ್ರ ನಮ್ಮ ಕಾರ್ಯಕ್ರಮಗಳಲ್ಲಿ ಕಾಣುವುದಿಲ್ಲ.

ದಾರಿ ಇಲ್ಲವೆಂದಲ್ಲ. ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ಸಸಿಗೆ ತಾನೇ ರಿಯಾಯಿತಿ ದರ ತೆರುತ್ತಾನೆ. ಮೂರು ವರ್ಷಗಳವರೆಗೆ, ಬದುಕಿರುವ ಗಿಡಗಳನ್ನು ಎಣಿಸಿ ಅವನಿಗೆ ಪ್ರೋತ್ಸಾಹಧನ ಕೊಡುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಉಳಿದ ಗಿಡ. ಹಣ ಸೇರುವುದು ಉಳಿಸಿದವನಿಗೆ. ಸ್ವಯಂಸೇವಕರೂ ಹೀಗೇ ಮಾಡಲಿ. ಬೇಸಗೆಯಲ್ಲೇ ಹೋಗಿ ಯಾವ ಗಿಡ ಬೇಕು, ನೆಲ ಯಾರದು, ನೀರೆಲ್ಲಿದೆ ಎಂದು ಕೇಳಲಿ. ಸಾವಿರದ ಬದಲು ಐವತ್ತು ಸಸಿ ಒಯ್ಯಲಿ. ಉಳಿದ ಹಣವನ್ನು ಬೇಲಿಗೆ, ನೀರಿಗೆ, ಕಾಯುವವರ ಕೂಲಿಗೆ ತೆಗೆದಿಡಲಿ. ಮೂರು ಬೇಸಗೆ ಕಳೆಯುವ ತನಕ ವರದಿ ಬರೆಯದಿರಲಿ. ನಮ್ಮ ಸಂಘಗಳ ವಾರ್ಷಿಕ ಸಭೆಗಳಲ್ಲಿ ಇನ್ನು ಮುಂದೆ ‘ಎಷ್ಟು ಹಂಚಿದಿರಿ’ ಎಂದು ಯಾರೂ ಕೇಳುವುದು ಬೇಡ. ‘ಮೂರು ವರ್ಷದ ಹಿಂದೆ ಕೊಟ್ಟವುಗಳಲ್ಲಿ ಎಷ್ಟಿವೆ, ಅವನ್ನು ಉಳಿಸಿದವರಿಗೆ ಏನು ಕೊಟ್ಟಿರಿ’ ಎಂದು ಕೇಳೋಣ. ಉತ್ತರವಿಲ್ಲದವರು ಮುಂದಿನ ಜುಲೈಯಲ್ಲಿ ಬಸ್ಸು ಹತ್ತುವ ಅಗತ್ಯವಿಲ್ಲ.