ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ಹಣ ಕೇಳುವ ಇ-ಮೇಲ್‌ಗಳೂ ಗ್ರಾಮೀಣ ವರ್ತಕರೂ

ವಾಣಿಜ್ಯ ವ್ಯವಹಾರವು ನಂಬಿಕೆಯ ತಳಹದಿಯ ಮೇಲೆ ನಿಂತಿದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಮಂಗಳೂರು-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಉಪ್ಪಿನಂಗಡಿಗೂ ಶಿರಾಡಿ ಘಾಟಿಗೂ ನಡುವೆ ಇರುವ ನೆಲ್ಯಾಡಿಯಂತಹ ಪೇಟೆಯಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ರಬ್ಬರ್ ಶೀಟು, ಅಡಿಕೆ, ಕಾಳುಮೆಣಸುಗಳನ್ನು ತರುವ ಕೃಷಿಕನಿಗೂ ಅದನ್ನು ಕೊಳ್ಳುವ ಅಂಗಡಿಯವರಿಗೂ ನಡುವೆ ಒಂದು ತುಂಡು ಚೀಟಿಯೇ ಎಷ್ಟೋ ಕಾಲ ಕರಾರುಪತ್ರದ ಕೆಲಸ ಮಾಡಿದೆ. ಆ ಚೀಟಿಯ ಹಿಂದೆ ಪರಿಚಿತವಾದ ಮುಖವಿತ್ತು, ಪರಿಚಿತವಾದ ಕೈಬರಹವಿತ್ತು, ಪರಿಚಿತವಾದ ದನಿಯಿತ್ತು. ಇ-ಮೇಲ್‌ನಲ್ಲಿ ಈ ಮೂರೂ ಇಲ್ಲ. ಆದರೂ ಚೀಟಿಗೆ ಕೊಡುತ್ತಿದ್ದ ನಂಬಿಕೆಯನ್ನೇ ವರ್ತಕ ಸಮುದಾಯವು ಇ-ಮೇಲ್‌ಗೂ ಕೊಡುತ್ತ ಬಂದಿದೆ. ವಂಚಕರ ಬಂಡವಾಳ ಇದುವೇ.

ಹಳೆಯ ಮೋಸಕ್ಕೆ ಹೊಸ ವೇಷ

ಪತ್ರ ಬರೆದು ಹಣ ಕೇಳುವ ಮೋಸ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ಸ್ಪೇನ್ ದೇಶದ ಸೆರೆಮನೆಯಲ್ಲಿ ಶ್ರೀಮಂತನೊಬ್ಬನಿದ್ದಾನೆ, ಅವನ ಬಿಡುಗಡೆಗೆ ಸ್ವಲ್ಪ ಹಣ ಕಳುಹಿಸಿದರೆ ಅವನ ಸಂಪತ್ತಿನಲ್ಲಿ ಪಾಲು ಸಿಗುತ್ತದೆ ಎಂಬ ಪತ್ರಗಳು 19ನೆಯ ಶತಮಾನದಲ್ಲಿಯೇ ಯುರೋಪು, ಅಮೆರಿಕಗಳ ಜನರನ್ನು ಮೋಸಗೊಳಿಸಿದ್ದವು. ಅದೇ ಕಥೆ ಮುಂದೆ ನೈಜೀರಿಯಾದ ಹೆಸರಿನಲ್ಲಿ ಅಂಚೆ, ಫ್ಯಾಕ್ಸ್ ಮತ್ತು ಇ-ಮೇಲ್‌ಗಳ ಮೂಲಕ ಹರಡಿತು. ಆ ದೇಶದ ಅಪರಾಧ ಸಂಹಿತೆಯ ವಂಚನೆಯ ಕಲಮಿನ ಸಂಖ್ಯೆಯಿಂದ ಅದಕ್ಕೆ "419 ಮೋಸ" ಎಂಬ ಹೆಸರೂ ಬಂದಿತು. ಲಾಟರಿ ಬಹುಮಾನ, ವಾರಸುದಾರರಿಲ್ಲದ ಠೇವಣಿ, ವಿದೇಶೀ ದಾನಿಯ ಉಡುಗೊರೆ ಎಂದು ವಸ್ತು ಬದಲಾದರೂ ಸೂತ್ರ ಒಂದೇ: ದೊಡ್ಡ ಮೊತ್ತ ಬರಲಿದೆ, ಅದಕ್ಕೆ ಮೊದಲು ಸಣ್ಣ ಶುಲ್ಕವೊಂದನ್ನು ಕಟ್ಟಬೇಕು.

ಇಂತಹ ಪತ್ರ ಬಂದಾಗ ಒಂದು ಕಾನೂನನ್ನು ನೆನೆದರೆ ಸಾಕು. ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯಡಿ 2000ದಲ್ಲಿ ರಚಿಸಲಾದ ಚಾಲ್ತಿ ಖಾತೆ ವ್ಯವಹಾರಗಳ ನಿಯಮಗಳ ಪ್ರಕಾರ ಲಾಟರಿ ಟಿಕೇಟು ಮುಂತಾದವುಗಳಿಗಾಗಿ ವಿದೇಶಕ್ಕೆ ಹಣ ಕಳುಹಿಸುವುದೇ ನಿಷಿದ್ಧ. ರಿಸರ್ವ್ ಬ್ಯಾಂಕು ಸಾರ್ವಜನಿಕ ವ್ಯಕ್ತಿಗಳ ಹೆಸರಿನಲ್ಲಿ ಖಾತೆ ತೆರೆಯುವುದಿಲ್ಲ, ಬಹುಮಾನದ ಹಣವನ್ನು ಇಟ್ಟುಕೊಂಡು ಶುಲ್ಕಕ್ಕಾಗಿ ಕಾಯುವುದೂ ಇಲ್ಲ. ಆದುದರಿಂದ ರಿಸರ್ವ್ ಬ್ಯಾಂಕಿನ ಮುದ್ರೆಯಿರುವ ಬಹುಮಾನ ಪತ್ರವನ್ನು ಓದಿ ಮುಗಿಸುವ ಅಗತ್ಯವೂ ಇಲ್ಲ.

ಮನೆಗಳಿಗೆ ಬರುವ ಇನ್ನೊಂದು ಬಗೆಯ ಪತ್ರವಿದೆ. ನೆಲ್ಯಾಡಿ ಸುತ್ತಮುತ್ತಲ ಅನೇಕ ಕುಟುಂಬಗಳ ಮಕ್ಕಳು ಗಲ್ಫ್ ಮತ್ತಿತರ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅಂತಹವರೊಬ್ಬರ ಇ-ಮೇಲ್ ಖಾತೆ ವಂಚಕನ ಕೈಸೇರಿದರೆ, "ಪರ್ಸು ಕಳೆದುಹೋಗಿದೆ, ಪರವೂರಿನಲ್ಲಿ ಸಿಕ್ಕಿಬಿದ್ದಿದ್ದೇನೆ, ತಕ್ಷಣ ಹಣ ಕಳುಹಿಸಿ, ಫೋನು ಮಾಡಬೇಡಿ" ಎಂಬ ಪತ್ರ ತಂದೆಗೋ ಅಣ್ಣನಿಗೋ ಬರುತ್ತದೆ. ಇಲ್ಲಿ ಆಸೆಯ ಮಾತಿಲ್ಲ, ಮಮತೆಯನ್ನೇ ಗಾಳವಾಗಿ ಬಳಸಲಾಗುತ್ತದೆ. ಫೋನು ಮಾಡಬೇಡಿ ಎಂಬ ಮಾತೇ ಫೋನು ಮಾಡಲು ಸಾಕಾದ ಕಾರಣ.

ಪರಿಚಿತರ ಹೆಸರಿನಲ್ಲಿ ಬರುವ ಪತ್ರ

ವರ್ತಕರಿಗೆ ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಯಾವ ಆಸೆಯನ್ನೂ ಹುಟ್ಟಿಸದ, ಯಾವ ಭಯವನ್ನೂ ತೋರಿಸದ, ಅತ್ಯಂತ ಸಾಮಾನ್ಯವಾಗಿ ಕಾಣುವ ಒಂದು ಪತ್ರ. ನೆಲ್ಯಾಡಿಯ ವ್ಯಾಪಾರಿಯೊಬ್ಬರು ಕೊಯಮತ್ತೂರಿನ ತಯಾರಕರಿಂದ ಹತ್ತು ವರ್ಷಗಳಿಂದ ಪಂಪುಸೆಟ್ಟುಗಳನ್ನು ತರಿಸುತ್ತಿದ್ದಾರೆಂದು ಭಾವಿಸಬಹುದು. ಸರಕು ಬಂದಿದೆ, 4,80,000 ರೂಪಾಯಿಗಳ ಬಿಲ್ಲೂ ಬಂದಿದೆ. ಮರುದಿನ ಅದೇ ತಯಾರಕರಿಂದ ಇ-ಮೇಲ್ ಬರುತ್ತದೆ: "ಲೆಕ್ಕಪರಿಶೋಧನೆಯ ನಿಮಿತ್ತ ಹಳೆಯ ಖಾತೆಯನ್ನು ನಿಲ್ಲಿಸಲಾಗಿದೆ. ಈ ಬಾರಿಯ ಹಣವನ್ನು ಕೆಳಗಿನ ಖಾತೆಗೆ ಕಳುಹಿಸಿರಿ." ಬಿಲ್ಲಿನ ಸಂಖ್ಯೆ ಸರಿಯಾಗಿದೆ, ಮೊತ್ತ ಸರಿಯಾಗಿದೆ, ಲೆಟರ್‌ಹೆಡ್ ಸರಿಯಾಗಿದೆ. ಖಾತೆ ಮಾತ್ರ ಕಳ್ಳನದು.

ಇದು ಹೇಗೆ ಸಾಧ್ಯವಾಗುತ್ತದೆಂಬುದನ್ನು ತಿಳಿಯುವುದು ಅವಶ್ಯ. ವಂಚಕನು ನಕಲಿ ಪುಟವೊಂದರ ಮೂಲಕ ತಯಾರಕರದೋ ವ್ಯಾಪಾರಿಯದೋ ಇ-ಮೇಲ್ ಪಾಸ್‌ವರ್ಡನ್ನು ಮೊದಲು ಕದಿಯುತ್ತಾನೆ. ಅನಂತರ ಏನನ್ನೂ ಮಾಡದೆ ವಾರಗಟ್ಟಲೆ ಪತ್ರಗಳನ್ನು ಓದುತ್ತಾನೆ. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವ ದಿನ ಕೊಡುತ್ತಾರೆ, ಯಾವ ಧಾಟಿಯಲ್ಲಿ ಬರೆಯುತ್ತಾರೆ ಎಂಬುದೆಲ್ಲ ತಿಳಿದ ಮೇಲೆ ಸರಿಯಾದ ದಿನದಂದು ಒಂದೇ ಒಂದು ಪತ್ರ ಬರೆಯುತ್ತಾನೆ. ಕೆಲವೊಮ್ಮೆ ಅದು ನಿಜವಾದ ವಿಳಾಸದಿಂದಲೇ ಬರುತ್ತದೆ, ಕೆಲವೊಮ್ಮೆ ಒಂದಕ್ಷರ ಅದಲುಬದಲಾದ ವಿಳಾಸದಿಂದ ಬರುತ್ತದೆ.

ಒಂದಕ್ಷರದ ಬೆಲೆ ಎಷ್ಟೆಂಬುದಕ್ಕೆ ದೃಷ್ಟಾಂತ ದೂರದಲ್ಲಿಲ್ಲ. ನೆಲ್ಯಾಡಿ ಪೇಟೆಯ ಮುಂದೆ ಹಗಲಿರುಳು ಟ್ಯಾಂಕರುಗಳು ಸಾಗುತ್ತಿರುತ್ತವೆ. ಕರಾವಳಿಯ ತೈಲ ಶುದ್ಧೀಕರಣ ಸಂಸ್ಥೆಯಾದ ಎಂ.ಆರ್.ಪಿ.ಎಲ್.ನ ಮಾತೃಸಂಸ್ಥೆ ಓ.ಎನ್.ಜಿ.ಸಿ. ಈ ಬೃಹತ್ ಸಾರ್ವಜನಿಕ ಸಂಸ್ಥೆಯು 2015ರಲ್ಲಿ ಸೌದಿ ಅರಾಮ್ಕೊ ಸಂಸ್ಥೆಗೆ ನಾಫ್ತಾ ಮಾರಿತು. ಹಣ ಬರಬೇಕಾದ ಹೊತ್ತಿಗೆ ವಂಚಕರು ಓ.ಎನ್.ಜಿ.ಸಿ. ವಿಳಾಸವನ್ನೇ ಹೋಲುವ, ಆದರೆ "ಎನ್" ಮತ್ತು "ಜಿ" ಅಕ್ಷರಗಳು ಹಿಂದುಮುಂದಾದ ವಿಳಾಸದಿಂದ ಪತ್ರ ಬರೆದು ಬೇರೆ ಖಾತೆಗೆ ಹಣ ಹಾಕಿಸಿಕೊಂಡರು. ಅಂದು ವರದಿಯಾದ ಮೊತ್ತ ಸುಮಾರು 197 ಕೋಟಿ ರೂಪಾಯಿ. ಗೂಗಲ್, ಫೇಸ್‌ಬುಕ್‌ಗಳಂತಹ ಗಣಕ ಕ್ಷೇತ್ರದ ದಿಗ್ಗಜಗಳೂ 2013ರಿಂದ 2015ರವರೆಗೆ ತೈವಾನಿನ ಸರಬರಾಜುದಾರರೊಬ್ಬರ ಹೆಸರಿನ ನಕಲಿ ಬಿಲ್ಲುಗಳಿಗೆ 12 ಕೋಟಿ ಡಾಲರಿಗೂ ಹೆಚ್ಚು ಹಣ ಪಾವತಿಸಿದ್ದವು. ಅದನ್ನು ಮಾಡಿಸಿದ ಲಿಥುವೇನಿಯಾದ ವ್ಯಕ್ತಿಗೆ 2019ರಲ್ಲಿ ಅಮೆರಿಕದ ನ್ಯಾಯಾಲಯ ಐದು ವರ್ಷಗಳ ಸೆರೆವಾಸ ವಿಧಿಸಿತು. ಗಣಕಜ್ಞಾನದ ಕೊರತೆಯಿರುವವರು ಮಾತ್ರ ಮೋಸ ಹೋಗುತ್ತಾರೆಂಬ ಭಾವನೆ ತಪ್ಪೆಂಬುದಕ್ಕೆ ಇಷ್ಟು ಸಾಕು.

ನಷ್ಟ ಯಾರ ಪಾಲಿಗೆ?

ಖಾತೆಯ ಹೆಸರು ತಪ್ಪಾಗಿದ್ದರೆ ಬ್ಯಾಂಕು ಹಣವನ್ನು ಹಿಂದಿರುಗಿಸುತ್ತದೆ ಎಂದು ಅನೇಕರು ನಂಬಿದ್ದಾರೆ. ಇದು ಸರಿಯಲ್ಲ. ನೆಫ್ಟ್, ಆರ್.ಟಿ.ಜಿ.ಎಸ್. ವ್ಯವಸ್ಥೆಗಳಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ಈ ಕೊರತೆಯನ್ನು ತುಂಬಲೆಂದೇ ರಿಸರ್ವ್ ಬ್ಯಾಂಕು, ಹಣ ಕಳುಹಿಸುವ ಮುನ್ನ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಬ್ಯಾಂಕುಗಳಿಗೆ ಆದೇಶಿಸಿತು. ಇದಕ್ಕೆ ಶುಲ್ಕವಿಲ್ಲ, ಶಾಖೆಗೆ ಹೋಗಿ ಹಣ ಕಳುಹಿಸುವವರೂ ಇದನ್ನು ಕೇಳಿ ಪಡೆಯಬಹುದು. ಪರದೆಯ ಮೇಲೆ ತಯಾರಕರ ಹೆಸರಿನ ಬದಲು ಅಪರಿಚಿತ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸತಕ್ಕದ್ದು.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ಗ್ರಾಹಕರ ಅನುಮತಿಯಿಲ್ಲದೆ ನಡೆದ ವಹಿವಾಟುಗಳಿಗೆ ರಕ್ಷಣೆ ನೀಡಿತು. ಆದರೆ ಸುಳ್ಳು ಪತ್ರವನ್ನು ನಂಬಿ ವರ್ತಕರೇ ಸಹಿ ಹಾಕಿ ಕಳುಹಿಸಿದ ಹಣವನ್ನು ಅನುಮತಿಯಿಲ್ಲದ ವಹಿವಾಟು ಎನ್ನಲಾಗದು.

ಲೆಕ್ಕಪತ್ರದ ದೃಷ್ಟಿಯಿಂದ ಪರಿಣಾಮ ಇನ್ನೂ ಕಠಿಣ. ಕಳ್ಳನಿಗೆ ಹಣ ಸಂದಾಯವಾದರೆ ತಯಾರಕರ ಬಾಕಿ ತೀರಿದಂತಾಗುವುದಿಲ್ಲ. ಒಂದೇ ಸರಕಿಗೆ ಎರಡು ಬಾರಿ ಹಣ ಕೊಡಬೇಕಾಗುತ್ತದೆ. ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ನಿಜವಾದ ಸರಬರಾಜುದಾರರಿಗೆ ಪಾವತಿಯಾಗದಿದ್ದರೆ, ಜಿ.ಎಸ್.ಟಿ. ಕಾಯಿದೆಯಂತೆ ಆ ಬಿಲ್ಲಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾದ ಸಂದರ್ಭವೂ ಬರಬಹುದು. ಅಲ್ಪ ಲಾಭದಲ್ಲಿ ನಡೆಯುವ ಅಂಗಡಿಗೆ ಇದು ವರ್ಷದ ದುಡಿಮೆಯನ್ನೇ ನುಂಗುವ ಹೊಡೆತ.

ತೆರಿಗೆ ಇಲಾಖೆಯ ಹೆಸರಿನಲ್ಲಿ

ರಿಟರ್ನ್ ಸಲ್ಲಿಸುವ ಕಾಲದಲ್ಲಿ "ನಿಮಗೆ ಮರುಪಾವತಿ ಮಂಜೂರಾಗಿದೆ, ಇಲ್ಲಿ ಒತ್ತಿರಿ" ಎಂಬ ಪತ್ರಗಳೂ, "ದಂಡ ಕಟ್ಟದಿದ್ದರೆ ಬಂಧನ" ಎಂಬ ಪತ್ರಗಳೂ ಬರುತ್ತವೆ. ಆದಾಯ ತೆರಿಗೆ ಇಲಾಖೆಯು ಇ-ಮೇಲ್ ಮೂಲಕ ಪಿನ್ ಸಂಖ್ಯೆ, ಪಾಸ್‌ವರ್ಡ್, ಕಾರ್ಡಿನ ವಿವರಗಳನ್ನು ಕೇಳುವುದಿಲ್ಲ. ಮರುಪಾವತಿಗೆ ಶುಲ್ಕವೂ ಇಲ್ಲ. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೂ, ಅದೇ ವರ್ಷದ ನವೆಂಬರ್ 8ರಿಂದ ಕೇಂದ್ರ ಜಿ.ಎಸ್.ಟಿ. ಅಧಿಕಾರಿಗಳ ಪತ್ರಗಳಿಗೂ "ಡಿನ್" ಎಂಬ ದಾಖಲೆ ಗುರುತು ಸಂಖ್ಯೆಯ ಪದ್ಧತಿ ಜಾರಿಗೆ ಬಂದಿತು. ಆ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಬಹುದು. ಇದಕ್ಕಿಂತಲೂ ಸುಲಭವಾದ ಮಾರ್ಗವೆಂದರೆ, ಪತ್ರದಲ್ಲಿರುವ ಕೊಂಡಿಯನ್ನು ಮುಟ್ಟದೆ, ಎಂದಿನಂತೆ ತಾವೇ ಪೋರ್ಟಲ್ ತೆರೆದು ನೋಟೀಸು ಇದೆಯೇ ಎಂದು ನೋಡುವುದು.

ರೂಢಿಸಿಕೊಳ್ಳತಕ್ಕ ಕ್ರಮಗಳು

ತಪ್ಪು ಇಂಗ್ಲಿಷಿನಿಂದ ಮೋಸದ ಪತ್ರವನ್ನು ಗುರುತಿಸುತ್ತಿದ್ದ ಕಾಲ ಹೋಯಿತು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಇಂದು ಯಾರು ಬೇಕಾದರೂ ತಪ್ಪಿಲ್ಲದ ಪತ್ರ ಬರೆಯಬಲ್ಲರು. ಆದುದರಿಂದ ಭಾಷೆಯನ್ನು ಬಿಟ್ಟು ಬೇಡಿಕೆಯನ್ನು ಪರೀಕ್ಷಿಸತಕ್ಕದ್ದು. ಹಣ, ಅವಸರ, ಗುಟ್ಟು, ಖಾತೆ ಬದಲಾವಣೆ - ಈ ನಾಲ್ಕರಲ್ಲಿ ಎರಡು ಒಂದೇ ಪತ್ರದಲ್ಲಿ ಕಂಡರೆ ಸಂಶಯ ಪಡುವುದು ಕರ್ತವ್ಯ. ಪ್ರತಿಯೊಂದು ಅಂಗಡಿಯೂ ಈ ಕೆಳಗಿನ ಕ್ರಮಗಳನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳುವುದು ಲೇಸು:

1. ಖಾತೆ ಬದಲಾವಣೆಯ ಸೂಚನೆ ಬಂದಾಗ, ಹಿಂದಿನಿಂದ ತಮ್ಮ ಬಳಿ ಇರುವ ಸಂಖ್ಯೆಗೆ ಫೋನು ಮಾಡಿ ಖಚಿತಪಡಿಸಿಕೊಳ್ಳುವುದು. ಪತ್ರದಲ್ಲಿ ಕೊಟ್ಟ ಹೊಸ ಸಂಖ್ಯೆಗೆ ಮಾಡಿದರೆ ಕಳ್ಳನೇ ಉತ್ತರಿಸಬಹುದು.

2. ಹೊಸ ಖಾತೆಗೆ ಮೊದಲ ಬಾರಿ ಹಣ ಕಳುಹಿಸುವಾಗ ಖಾತೆದಾರರ ಹೆಸರನ್ನು ನೋಡುವುದು. ಸಣ್ಣ ಮೊತ್ತವೊಂದನ್ನು ಕಳುಹಿಸಿ, ತಲುಪಿದೆಯೇ ಎಂದು ಫೋನಿನಲ್ಲಿ ಕೇಳುವುದು.

3. ಪಾವತಿಯನ್ನು ಒಬ್ಬರು ಸಿದ್ಧಪಡಿಸಿದರೆ ಇನ್ನೊಬ್ಬರು ನೋಡಿ ಅನುಮೋದಿಸುವುದು.

4. ಇ-ಮೇಲ್ ಖಾತೆಗೆ ಪಾಸ್‌ವರ್ಡಿನ ಜೊತೆಗೆ ಎರಡನೆಯ ಹಂತದ ದೃಢೀಕರಣವನ್ನು ಅಳವಡಿಸುವುದು. ಪತ್ರಗಳು ತಾವಾಗಿಯೇ ಬೇರೆಡೆಗೆ ರವಾನೆಯಾಗುವಂತೆ ಯಾರಾದರೂ ಏರ್ಪಾಡು ಮಾಡಿದ್ದಾರೆಯೇ ಎಂದು ಆಗಾಗ ಪರೀಕ್ಷಿಸುವುದು.

5. ಜಾಲತಾಣದ ವಿಳಾಸವನ್ನು ಅಕ್ಷರಶಃ ಓದುವುದು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರಲ್ಲಿ "ಬ್ಯಾಂಕ್ ಡಾಟ್ ಇನ್" ಎಂದು ಕೊನೆಗೊಳ್ಳುವ ವಿಳಾಸಗಳಿಗೆ ಬದಲಾಗತೊಡಗಿದವು. ಈ ಅಂತ್ಯವು ಬ್ಯಾಂಕುಗಳಿಗೆ ಮಾತ್ರ ಮೀಸಲು.

ಖಾತೆಯ ವಿವರಗಳು ನ್ಯಾಯವಾಗಿಯೇ ಬದಲಾಗುವ ಸಂದರ್ಭಗಳೂ ಇವೆಯೆಂಬುದು ದಿಟ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ವಿಲೀನಗೊಂಡ ಬಳಿಕ ಈ ಕರಾವಳಿಯ ಎಷ್ಟೋ ವರ್ತಕರು ತಮ್ಮ ಐ.ಎಫ್.ಎಸ್.ಸಿ. ಸಂಕೇತವನ್ನು ಬದಲಾಯಿಸಿ ಎಲ್ಲರಿಗೂ ತಿಳಿಸಬೇಕಾಯಿತು. ಹಾಗಾಗಿಯೇ ಇಂತಹ ಸೂಚನೆ ಯಾರಲ್ಲೂ ಅಚ್ಚರಿ ಹುಟ್ಟಿಸುವುದಿಲ್ಲ. ಸೂಚನೆ ನಿಜವಾಗಿದ್ದರೆ ಒಂದು ಫೋನು ಕರೆಯಿಂದ ಯಾರಿಗೂ ನಷ್ಟವಿಲ್ಲ.

ಮೋಸ ಹೋದ ಮೇಲೆ

ಹಣ ಹೋಯಿತೆಂದು ತಿಳಿದ ಕ್ಷಣವೇ 1930 ಸಂಖ್ಯೆಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು. ದೂರು ಹಣ ಸೇರಿದ ಬ್ಯಾಂಕಿಗೆ ತಲುಪಿ, ಖಾತೆಯಲ್ಲಿ ಉಳಿದ ಹಣವನ್ನು ತಡೆಹಿಡಿಯಲಾಗುತ್ತದೆ. ಅಲ್ಲಿಂದ ಮುಂದಕ್ಕೆ ಸಾಗಿದ್ದರೆ ದೂರೂ ಬೆನ್ನಟ್ಟಿ ಹೋಗುತ್ತದೆ. ವಂಚಕನು ಕೆಲವೇ ಗಂಟೆಗಳಲ್ಲಿ ಹಣವನ್ನು ಹಲವು ಖಾತೆಗಳಿಗೆ ಹಂಚುವುದರಿಂದ ಇಲ್ಲಿ ನಿಮಿಷಗಳಿಗೂ ಬೆಲೆಯಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ 66ಡಿ ಕಲಮಿನಡಿ ಸೋಗು ಹಾಕಿ ವಂಚಿಸಿದವರಿಗೆ ಮೂರು ವರ್ಷಗಳವರೆಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಡಿ ವಂಚಿಸಿ ಸ್ವತ್ತು ಪಡೆದವರಿಗೆ ಏಳು ವರ್ಷಗಳವರೆಗೆ ಸೆರೆವಾಸವಿದೆ. ಆದರೆ ದೂರಿಲ್ಲದೆ ಕಾನೂನು ಚಲಿಸದು.

ದೂರು ಕೊಡಲು ಅಡ್ಡಬರುವುದು ನಾಚಿಕೆ. ಚಿಕ್ಕ ಪೇಟೆಯಲ್ಲಿ ಮೋಸ ಹೋದ ಸುದ್ದಿ ಸಂಜೆಯೊಳಗೆ ಎಲ್ಲರ ಬಾಯಲ್ಲಿರುತ್ತದೆ, "ಇಷ್ಟು ವರ್ಷ ವ್ಯಾಪಾರ ಮಾಡಿ ಇವರಿಗೆ ಬುದ್ಧಿ ಬೇಡವೇ" ಎಂಬ ಮಾತು ಬರುತ್ತದೆ ಎಂಬ ಅಂಜಿಕೆಯಿಂದ ಅನೇಕರು ನಷ್ಟವನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ. ಆ ಮೌನದಿಂದ ಪಕ್ಕದ ಅಂಗಡಿಯವರೂ ಅದೇ ಪತ್ರಕ್ಕೆ ಬಲಿಯಾಗುತ್ತಾರೆ. ವಾಣಿಜ್ಯ ಸಂಘಗಳು ತಮ್ಮ ಸಭೆಗಳಲ್ಲಿ, ಹೆಸರು ಹೇಳದೆಯೇ, ಸದಸ್ಯರಿಗೆ ಬಂದ ಇಂತಹ ಪತ್ರಗಳನ್ನು ಓದಿ ಹೇಳುವ ಪರಿಪಾಠವನ್ನು ಆರಂಭಿಸಿದರೆ ಅದು ಯಾವ ಯಂತ್ರಕ್ಕಿಂತಲೂ ದೊಡ್ಡ ರಕ್ಷಣೆಯಾದೀತು.

ಕೊನೆಯದಾಗಿ ಮಾಲೀಕರು ಯೋಚಿಸಬೇಕಾದ ವಿಷಯವೊಂದಿದೆ. ಅನೇಕ ಅಂಗಡಿಗಳಲ್ಲಿ ಇ-ಮೇಲ್ ಓದುವವರು, ಹಣ ಕಳುಹಿಸುವವರು ಗುಮಾಸ್ತರು. "ಧಣಿಗಳು ಕೆಲಸದಲ್ಲಿದ್ದಾರೆ, ಕೇಳಿದರೆ ಗದರುತ್ತಾರೆ" ಎಂಬ ಹೆದರಿಕೆಯಲ್ಲಿ ಅವರು ಸಂಶಯವನ್ನು ನುಂಗಿಕೊಂಡು ಗುಂಡಿ ಒತ್ತುತ್ತಾರೆ. ಹಣ ಹೋದ ಮೇಲೆ ದೂಷಣೆಯೂ ಅವರದೇ ಪಾಲು. ಪಾವತಿಯನ್ನು ಒಂದು ದಿನ ತಡಮಾಡಿ ಪ್ರಶ್ನೆ ಕೇಳಿದ ಗುಮಾಸ್ತನನ್ನು, ಪ್ರಶ್ನೆ ಅನಾವಶ್ಯಕವಾಗಿದ್ದರೂ, ಎಲ್ಲರೆದುರು ಮೆಚ್ಚುವ ಅಂಗಡಿಯಲ್ಲಿ ವಂಚಕನ ಆಟ ನಡೆಯದು. ಅವಸರವೇ ಅಪಘಾತಕ್ಕೆ ಕಾರಣವೆಂಬ ಫಲಕವನ್ನು ಘಟ್ಟ ಹತ್ತುವ ಚಾಲಕರೆಲ್ಲ ಬಲ್ಲರು. ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತವರಿಗೂ ಆ ಮಾತು ಅಷ್ಟೇ ಅನ್ವಯಿಸುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಇ-ಮೇಲ್‌ನಲ್ಲಿ ಬಂದದ್ದಂತೂ ಪ್ರತ್ಯಕ್ಷವೂ ಅಲ್ಲ.